ಒಂದೇ ಶಾಟ್

ಪರದೆಯ ಮೇಲಿನ ಮುದುಕಿಗೆ ಲೋಟ ಇನ್ನೂ ಸಿಕ್ಕಿರಲಿಲ್ಲ. ಬಲಗೈಯನ್ನು ಎದೆಯ ಮೇಲಿಂದ ಅಡ್ಡಕ್ಕೆ ಚಾಚಿ, ಎಡಗಡೆ ಕಿಟಕಿಯ ಕಟ್ಟೆ ಮೇಲಿದ್ದ ನೀರಿನ ಲೋಟದತ್ತ ಆಕೆ ಬೆರಳು ನೀಡುತ್ತಲೇ ಇದ್ದಳು. ಬೆರಳಿಗೂ ಲೋಟಕ್ಕೂ ನಡುವೆ ಗೇಣುದ್ದದ ಬಿಸಿಲು. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಮಾತ್ರ ಕುರ್ಚಿಯ ತುದಿಗೆ ಸರಿದಿದ್ದಳು. ಪರದೆಯ ಮೇಲಿದ್ದದ್ದು ಅವಳ ಅಮ್ಮ. ಚಿತ್ರ ತೆಗೆದವನು ಅವಳ ತಮ್ಮ ಪುಟ್ಟು.

ಕಾಲೇಜಿನಲ್ಲಿ ಅವಳು ಸಿನಿಮಾ ಪಾಠ ಹೇಳುತ್ತಿದ್ದಳು. ಮದುವೆ ವಿಡಿಯೋ ತೋರಿಸಿದರೂ ‘ಕ್ಯಾಮೆರಾ ಯಾಕೆ ಇಲ್ಲಿಟ್ಟರು’ ಎಂದು ಕೇಳುವವಳು ಎಂದು ವಿದ್ಯಾರ್ಥಿಗಳು ತಮಾಷೆ ಮಾಡುತ್ತಿದ್ದರು. ಚಿತ್ರಸಂಘದವರು ತಿಂಗಳಿಗೊಂದು ಕಿರುಚಿತ್ರ ತೋರಿಸಿದಾಗಲೆಲ್ಲ ಕೊನೆಯಲ್ಲಿ ವೇದಿಕೆ ಹತ್ತಿ ಅದನ್ನು ಬಿಡಿಸಿ ಹೇಳುವ ಕೆಲಸ ಅವಳದು. ಈ ಸಲ ಪುಟ್ಟುವಿನ ಚಿತ್ರ. “ಮೊದ್ಲೇ ತೋರ್ಸಲ್ಲ ಅಕ್ಕ, ಎಲ್ರ ಜೊತೆ ಕೂತು ನೋಡು” ಎಂದಿದ್ದ. ಲಕ್ವ ಹೊಡೆದು ಅಮ್ಮನ ಎಡಭಾಗ ಬಿದ್ದುಹೋದಾಗಿನಿಂದ, ಅಕ್ಕ ಕಾಲೇಜಿಗೆ ಹೋದ ಹೊತ್ತಲ್ಲಿ ಮನೆಯಲ್ಲಿರುತ್ತಿದ್ದವನು ಅವನೇ.

ಕೊನೆಗೆ ಅಮ್ಮನ ಕೈ ಸೋತು ಹೊದಿಕೆಯ ಮೇಲೆ ಬಿತ್ತು. ಪರದೆ ಕಪ್ಪಾಯಿತು. ಚಪ್ಪಾಳೆಯೋ ಚಪ್ಪಾಳೆ.

ಸಂಘದ ಕಾರ್ಯದರ್ಶಿ ಮೈಕ್ ಹಿಡಿದು ಉಬ್ಬಿಹೋದರು. “ಒಂದೇ ಶಾಟ್! ಒಂದೂ ಕಟ್ ಇಲ್ಲ. ಕ್ಯಾಮೆರಾ ಒಂದಿಷ್ಟಾದ್ರೂ ಅಲ್ಲಾಡ್ತಾ? ಎಂಥಾ ಸಂಯಮ! ಮಿಕ್ಕಿದ್ದು ಮೇಡಂ ಹೇಳ್ತಾರೆ.”

ಮೇಡಂ ವೇದಿಕೆ ಹತ್ತಿದಳು. ಅಭ್ಯಾಸಬಲದಿಂದ, “ಆ ಶಾಟ್ ಇನ್ನೊಂದ್ಸಲ ಹಾಕಿ” ಎಂದಳು. ಅಮ್ಮ ಮತ್ತೆ ಕೈ ಚಾಚಿದಳು. “ಅಲ್ಲೇ ನಿಲ್ಲಿಸಿ.”

“ಲೋಟ ನೋಡಿ. ಗಾಜಿನದ್ದು. ಬಿಸಿಲು ಅದರೊಳಗಿಂದ ಹಾದು ಬರ್ತಿದೆ, ಅದಕ್ಕೇ ನಮ್ಮ ಕಣ್ಣು ಮೊದ್ಲು ಅಲ್ಲಿಗೇ ಹೋಗುತ್ತೆ. ಕತ್ತಲೆ ಕಡೆ ಇಟ್ಟಿದ್ರೆ ಯಾರಿಗೂ ಕಾಣ್ತಿರ್ಲಿಲ್ಲ.”

ಕೆಲವರು ತಲೆದೂಗಿದರು. ಪುಟ್ಟು ಎದೆಯ ಮೇಲೆ ಕೈಕಟ್ಟಿ ನಗುತ್ತಿದ್ದ.

“ಈಗ ಈ ಕಡೆ ಮೂಲೆ ನೋಡಿ. ಮಂಚದ ಬಲಕ್ಕೆ ಒಂದು ಸ್ಟೂಲು, ಅರ್ಧ ಮಾತ್ರ ಕಾಣುತ್ತೆ. ಅದರ ಮೇಲೆ ಒದ್ದೆ ಉಂಗುರದ ಗುರುತು ಇದೆ, ಕಾಣ್ತಾ? ಲೋಟ ಇದ್ದದ್ದು ಅಲ್ಲಿ. ದಿನಾ ಬೆಳಿಗ್ಗೆ ಹೊರಡೋ ಮುಂಚೆ ನಾನೇ ಇಟ್ಟು ಹೋಗ್ತೀನಿ. ಯಾಕಂದ್ರೆ ಇವರು ನಮ್ಮಮ್ಮ. ಎಡಗೈ ಇವರ ಮಾತು ಕೇಳಲ್ಲ.”

ಪುಟ್ಟು ಎದ್ದು ನಿಂತ. “ಅಕ್ಕ, ಮನೆ ವಿಷ್ಯ ಮನೇಲಿ ಮಾತಾಡೋಣ. ಇದು ಸಿನಿಮಾ.”

“ಸಿನಿಮಾನೇ ಮಾತಾಡ್ತಿದೀನಿ ಕಣೋ! ಕ್ಯಾಮೆರಾ ಅಲ್ಲಾಡ್ಲಿಲ್ಲ ಅಂತ ಚಪ್ಪಾಳೆ ಹೊಡೆದ್ರಲ್ಲ, ಅದಕ್ಕೆ ಸ್ಟ್ಯಾಂಡ್ ಇತ್ತು, ಅಲ್ಲಾಡಲ್ಲ. ಅಲ್ಲಾಡದೆ ನಿಂತೋನು ನೀನು. ಅಮ್ಮ ನೀರಿಗೆ ಒದ್ದಾಡ್ತಿದ್ರೆ ಫೋಕಸ್ ನೋಡ್ಕೊಂಡು ನಿಂತೋನು!”

ಕಾರ್ಯದರ್ಶಿ ಗಡಿಬಿಡಿಯಿಂದ ಮೈಕಿಗೆ ಕೈಹಾಕಿದರು. “ವೈಯಕ್ತಿಕ ಬೇಡ ಮೇಡಂ. ಕಲಾವಿದನಿಗೆ ಒಂದು ಸ್ವಾತಂತ್ರ್ಯ ಅಂತ ಇರುತ್ತೆ…”

ಹಿಂದಿನ ಸಾಲಿನಿಂದ ಯಾರೋ ಕೇಳಿದರು. “ಏನೇ ಆಗ್ಲಿ, ಶಾಟ್ ಚೆನ್ನಾಗಿದೆಯಲ್ವಾ ಮೇಡಂ?”

ಶಾಟ್ ಚೆನ್ನಾಗಿಯೇ ಇತ್ತು. ಬೇರೆ ಯಾರದೋ ಅಮ್ಮನಾಗಿದ್ದರೆ ಇಷ್ಟು ಹೊತ್ತಿಗೆ ಅವಳೇ ಆ ಮೌನವನ್ನು, ಆ ಬಿಸಿಲನ್ನು ಹೊಗಳಿ ಮುಗಿಸಿರುತ್ತಿದ್ದಳು. “ಚೆನ್ನಾಗಿದೆ, ಅದೇ ನನ್ನ ಹೊಟ್ಟೆ ಉರಿಸ್ತಿರೋದು” ಎಂದವಳೇ ಮೈಕ್ ಮೇಜಿನ ಮೇಲೆ ಕುಕ್ಕಿ ಇಳಿದುಬಂದಳು.

ಹೊರಗಿನ ಮೆಟ್ಟಿಲ ಬಳಿ ಪುಟ್ಟು ಅಡ್ಡ ಬಂದ. “ನನ್ನ ಮಾನ ತೆಗೆದ್ಬಿಟ್ಟೆ. ಅಮ್ಮನ್ನ ಕೇಳೇ ತೆಗೆದಿದ್ದು, ಒಪ್ಕೊಂಡ್ಲು. ಕಟ್ ಆದ್ಮೇಲೆ ನಾನೇ ನೀರು ಕುಡಿಸ್ದೆ, ಗೊತ್ತಾ?”

“ಕಟ್ ಆಗೋ ಮುಂಚೆ ಅವಳಿಗೆ ಬಾಯಾರಿಕೆ ಆಗಿತ್ತಾ, ಇಲ್ವಾ?”

ಅಷ್ಟರಲ್ಲಿ ಯಾರೋ ಬಂದು, “ಅದ್ಭುತ ಸರ್” ಎಂದು ಕೈ ಚಾಚಿದರು. ಅವನು ಅತ್ತ ತಿರುಗಿ ಕೈ ಕುಲುಕಿದ. ಅಕ್ಕ ಕಾಯಲಿಲ್ಲ.

ಅವಳು ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಅಮ್ಮನ ಜೊತೆ ಕೂತಿದ್ದ ಪಕ್ಕದ ಮನೆಯಾಕೆ ಎದ್ದು ಹೋದಳು. ಬಾಗಿಲು ಹಾಕಿಕೊಳ್ಳುವುದನ್ನೇ ಕಾದಿದ್ದವಳಂತೆ ಅಮ್ಮ ಸೊಟ್ಟಗಾದ ತುಟಿಯನ್ನು ಕಷ್ಟಪಟ್ಟು ಅಲ್ಲಾಡಿಸಿದಳು.

“ಬಂತಾ… ಚೆನ್ನಾಗಿ?”

ಅಕ್ಕ ಮಂಚದ ಅಂಚಿನಲ್ಲಿ ಕೂತಳು.

“ತಗೋ ಅಂದ ಪುಟ್ಟು. ತಗೊಳ್ಳೋಕಾಗ್ಲಿಲ್ಲ ಕಣೆ. ನನ್ನಿಂದ ಕೆಟ್ಟೋಯ್ತೇನೋ… ಅಂದ್ಕೊಂಡೆ.”

“ನೀನೇನೂ ಕೆಡಿಸ್ಲಿಲ್ಲಮ್ಮ.” ಅವಳ ದನಿ ಗಡುಸಾಗಿ ಬಂತು. ಅಮ್ಮನ ಮೇಲೆ ರೇಗಿದಂತೆ ಕೇಳಿಸಿತೇನೋ ಎಂದು ತುಟಿ ಕಚ್ಚಿಕೊಂಡಳು.

“ತುಂಬಾ ಜನ… ಇದ್ರಾ?”

“ಇದ್ರು.”

ಅಮ್ಮ ಬಲಗೈ ಎತ್ತಿ ಹಣೆಯ ಮೇಲಿನ ಕೆದರಿದ ಕೂದಲನ್ನು ಹಿಂದಕ್ಕೆ ತಳ್ಳಿದಳು. “ಬಾಚ್ಕೋತೀನಿ ತಾಳೋ ಅಂದೆ. ಬೇಡ, ಹಿಂಗೇ ಇರು ಅಂದ. ಅಷ್ಟು ಜನದೆದ್ರು… ಹಿಂಗೇ ಕಂಡೆನಲ್ಲ.”

ಅಕ್ಕ ಬಾಚಣಿಗೆ ಹುಡುಕಿ ತಂದಳು. ಅಮ್ಮನನ್ನು ತಬ್ಬಿ ಎಬ್ಬಿಸಿ, ಬೆನ್ನಿಗೆ ತನ್ನ ಎದೆ ಆನಿಸಿ ಕೂತಳು. ಗಂಟುಗಳನ್ನು ಒಂದೊಂದಾಗಿ ಬಿಡಿಸಿ, ಬೈತಲೆ ತೆಗೆದು, ನರೆತ ಕೂದಲನ್ನು ಎರಡೂ ಕಡೆ ನುಣ್ಣಗೆ ಇಳಿಬಿಟ್ಟಳು. ಅಮ್ಮ ಗದ್ದ ಎತ್ತಿ, ಸೆರಗು ಸರಿಮಾಡಿಕೊಂಡು, ಪುಟ್ಟು ಕ್ಯಾಮೆರಾ ಇಟ್ಟಿದ್ದ ಎದುರಿನ ಖಾಲಿ ಗೋಡೆಯನ್ನು ರೆಪ್ಪೆ ಬಡಿಯದೆ ನೋಡುತ್ತ ಕೂತಿದ್ದಳು.