ಆಯಿಯ ಕುರುಬ

ನಮ್ಮ ಚರ್ಚಿನ ಮಂಡಳಿಯಲ್ಲಿ ಉಪದೇಶವೆಲ್ಲ ಮರಾಠಿಯಲ್ಲಿ ನಡೆಯುತ್ತಿತ್ತು. ನನ್ನ ಆಯಿಗೆ, ಎಂದರೆ ಅಪ್ಪನ ತಾಯಿ ಸೋಮವ್ವನಿಗೆ, ಸೊಲ್ಲಾಪುರದ ಬಾಜಾರದಲ್ಲಿ ಬದನೆಕಾಯಿ ಕೊಳ್ಳುವಷ್ಟು ಮರಾಠಿ ಬರುತ್ತಿತ್ತು, ಅದಕ್ಕಿಂತ ಹೆಚ್ಚಲ್ಲ. ಹೀಗಾಗಿ ಭಾನುವಾರ ಅವಳ ಪಕ್ಕದಲ್ಲಿ ಕುಳಿತು ಪಾಳಕರ, ಅಂದರೆ ಪಾದ್ರಿಯವರ, ಮಾತನ್ನು ಅವಳ ಕಿವಿಯಲ್ಲಿ ಕನ್ನಡ ಮಾಡುವುದು ನನ್ನ ಕೆಲಸ. ಹುಡುಗಿಯರ ಸಾಲೆಯಲ್ಲಿ ಕಲಿಸುವವಳು ನಾನು. ಒಂದು ಮಾತು ತಪ್ಪಿದರೂ ಮನಸ್ಸು ವಾರವೆಲ್ಲ ಅಲ್ಲೇ ಸುತ್ತುತ್ತಿತ್ತು.

ಒಂದು ಭಾನುವಾರ ಪಾಳಕ ಸಾಳವೆಯವರು ಯೇಸುವನ್ನು ಮೇಂಢಪಾಳ ಎಂದರು, ಕುರಿ ಕಾಯುವವನು ಎಂದು. ನಾನು "ಕುರುಬ" ಎಂದೆ. ಕನ್ನಡದಲ್ಲಿ ನಾನು ಕಲಿತದ್ದು ಅದೇ ಮಾತು. ಆಯಿ ನೆಟ್ಟಗೆ ಕುಳಿತಳು.

"ಯೇಸಪ್ಪ ನಮ್ಮಾಂವೇನ? ಇಷ್ಟ ದಿನ ಯಾಕ ಹೇಳಲಿಲ್ಲ ನೀ?"

ಮುಂದಿನ ಬೆಂಚಿನವರು ತಿರುಗಿ ನೋಡಿದರು. ನಾನು ಅವಳ ಕೈ ಅದುಮಿದೆ.

ನಾವು ಅಕ್ಕಲಕೋಟೆ ಕಡೆಯ ಕುರುಬರು, ಬೀರೋಬಾ ದೇವರ ಒಕ್ಕಲು. ಅಪ್ಪನ ಹೆಸರು ಭಗವಂತ; ಅವರು ಮಿಶನ್ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿ ಕ್ರಿಸ್ತನವರಾದರು, ನನ್ನನ್ನೂ ಹಾಗೆಯೇ ಬೆಳೆಸಿದರು. ಮುತ್ಯಾ, ಆಯಿಯ ಗಂಡ ಅಮೋಗಸಿದ್ಧ, ಮಾತ್ರ ಕೊನೆಯವರೆಗೂ ಬೀರೋಬಾನ ಭಂಡಾರವನ್ನೇ, ಆ ಅರಿಶಿನವನ್ನೇ, ಹಣೆತುಂಬ ಹಚ್ಚಿಕೊಂಡು ಹೋದರು. ಅವರನ್ನು ಊರ ಹೊಲದಲ್ಲಿ ಮಣ್ಣು ಮಾಡಿದರು. ಅಪ್ಪ ತೀರಿಕೊಂಡಾಗ ಸೊಲ್ಲಾಪುರದಲ್ಲಿ, ಮಂಡಳಿಯ ಸ್ಮಶಾನದಲ್ಲಿ. ಆಮೇಲೆ ಆಯಿ ನನ್ನ ಬಳಿಗೆ ಬಂದಳು.

ನಮ್ಮವನೇ ಎಂದಾದ ಮೇಲೆ ತಾನೂ ಬಾಪ್ತಿಸ್ಮಾ ತೆಗೆದುಕೊಳ್ಳುತ್ತೇನೆ ಎಂದಳು. ಉಬ್ಬಸ ಹೆಚ್ಚುತ್ತಿತ್ತು, ಮಗನ ಮಗ್ಗುಲಲ್ಲಿ ಮಲಗುವ ಆಸೆ ಅವಳಿಗೆ. ನನಗೆ ಸಂತೋಷವಾಯಿತು. ಸಂತೋಷವಾದಾಗಲೆಲ್ಲ ನನಗೆ ಭಯವೂ ಆಗುತ್ತದೆ.

ಮಂಡಳಿಯ ರಖಮಾಬಾಯಿ ಸುದ್ದಿ ಕೇಳಿ ಅಕ್ಕರೆಯಿಂದ ಬಂದರು, ಬಿಳಿ ಸೀರೆಯೊಂದನ್ನು ತಂದಿದ್ದರು. ಮುತ್ಯಾನ ಮಾತು ಬಂದಾಗ ತಮ್ಮ ಅರೆಗನ್ನಡದಲ್ಲಿ ಹೇಳಿದರು: "ಅವರು ಹೋದದ್ದು ಹೋದ್ರು, ಬಾಯಿ. ನೀವರೆ ಉಳೀರಿ."

ಬಾಪ್ತಿಸ್ಮಾ ಇಲ್ಲದೆ ಮುತ್ಯಾ ಕೆಟ್ಟುಹೋದರು, ಆಯಿಯಾದರೂ ರಕ್ಷಣೆ ಹೊಂದಲಿ ಎಂಬ ಕಳಕಳಿ; ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆಯಿ ಸೀರೆಯನ್ನು ಮಡಿಚಿ ಟ್ರಂಕಿನ ಮೇಲಿಟ್ಟಳು. ಆಮೇಲೆ ಬಾಪ್ತಿಸ್ಮಾದ ಮಾತೇ ಎತ್ತಲಿಲ್ಲ. ರೊಟ್ಟಿ ಅರ್ಧಕ್ಕೇ ಬಿಡತೊಡಗಿದಳು. ಏನಾಯಿತೆಂದು ಕೇಳಿ ಕೇಳಿ ಕೊನೆಗೆ ಬಾಯಿ ಬಿಡಿಸಿದೆ.

"ಮಗನ ಕಡಿ ಹೋದ್ರ ಗಂಡನ್ನ ಬಿಡಬೇಕು, ಗಂಡನ ಕಡಿ ಹೋದ್ರ ಮಗನ್ನ. ನಾ ಯಾ ಕಡಿ ಹೋಗ್ಲಿ, ಕಮಳಿ?"

ಕ್ರಿಸ್ತನನ್ನು ಅರಿಯದೆ ಸತ್ತವರ ಗತಿ ಏನು ಎಂಬುದಕ್ಕೆ ಕಾಲೇಜಿನಲ್ಲಿ ಉತ್ತರಗಳನ್ನು ಓದಿದ್ದೆ. ಕೆಲವು ಬಿಗಿಯಾಗಿದ್ದವು, ಕೆಲವು ಸಡಿಲವಾಗಿದ್ದವು. ಅಮೋಗಸಿದ್ಧ ಎಂದು ಹೆಸರು ಹಿಡಿದು ಹೇಳಿದ್ದು ಒಂದೂ ಇರಲಿಲ್ಲ.

ಮುಂದಿನ ವಾರ ಸಾಳವೆಯವರು ಆಯಿಯ ಮನಸ್ಸು ತಿಳಿಯಲು ಮನೆಗೆ ಬಂದರು. ಚಹ ಕುಡಿದು, ಬೀರೋಬಾನನ್ನು ಬಿಟ್ಟು ಕ್ರಿಸ್ತನನ್ನು ನಂಬುತ್ತೀರಾ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಮೊದಲು ತನ್ನದೊಂದು ಪ್ರಶ್ನೆಯಿದೆ ಎಂದಳು ಆಯಿ.

"ನಮ್ಮ ಮನಿಯವ್ರು ಈಗ ಎಲ್ಲಿ ಅದಾರಂತ ಕೇಳು."

ಆಮೇಲೆ ಹಳೆಯದೊಂದನ್ನು ಹೇಳಿದಳು: ಒಂದು ಸಂಜೆ ಯಾರದೋ ಕುರಿಮರಿ ನಮ್ಮ ಹಿಂಡಿನಲ್ಲಿ ಬೆರೆತು ಬಂದಿತ್ತಂತೆ. ತೋಳಗಳಿದ್ದ ಕಾಲ. ಮುತ್ಯಾ ಅದನ್ನು ಹಟ್ಟಿಯಿಂದ ಅಟ್ಟದೆ ಕಂಬಳಿ ಹೊದಿಸಿ ತಮ್ಮ ಬಳಿಯೇ ಮಲಗಿಸಿಕೊಂಡರಂತೆ. ಅದನ್ನು ಹೇಳಿ ಆಯಿ ಪಾಳಕರ ಕಡೆ ನೋಡಿದಳು. "ಯೇಸಪ್ಪನೂ ಕುರುಬ ಅಲ್ಲೇನ? ನಮ್ಮ ಮನಿಯವ್ರನ್ನ ಹೊರಗ ಬಿಟ್ಟಾನೇನ?"

ಎಲ್ಲವನ್ನೂ ಮರಾಠಿಯಲ್ಲಿ ಹೇಳುತ್ತ ಬಂದವಳು ಆ ಒಂದು ಮಾತಿಗೆ ಬಂದು ತಡೆದೆ. ಆಯಿಯ ಬಾಯಲ್ಲಿ ಕುರುಬ ಎಂದರೆ ಮೇಂಢಪಾಳನಲ್ಲ. ಅದು ಕುಲ, ನೆಂಟಸ್ತನ. ಮರಾಠಿಯಲ್ಲಿ ಧನಗರ ಎನ್ನಬೇಕು. ಮೇಂಢಪಾಳ ಎಂದುಬಿಟ್ಟರೆ ಪಾಳಕರು ಮೆಚ್ಚಿ ಬಾಪ್ತಿಸ್ಮಾಕ್ಕೆ ದಿನ ಗೊತ್ತುಮಾಡುತ್ತಾರೆ. ಧನಗರ ಎಂದರೆ ಇವಳಿಗೆ ಇನ್ನೂ ಏನೂ ತಿಳಿದಿಲ್ಲವೆಂದು ಮುಂದೆ ಹಾಕಬಹುದು. ಆಯಿಯ ಉಸಿರು ಕಾಯುತ್ತದೆಯೋ ಇಲ್ಲವೋ.

"ಧನಗರ," ಎಂದೆ. "ಯೇಸು ನಮ್ಮ ಪೈಕಿ ಧನಗರ ಅಂತ ತಿಳಿದಿದ್ದಾಳೆ."

ಸಾಳವೆಯವರು ಕನ್ನಡಕ ತೆಗೆದು ಒರೆಸಿದರು. ನಗುತ್ತಾರೆ ಎಂದುಕೊಂಡೆ, ನಗಲಿಲ್ಲ. ಯೇಸು ಧನಗರನಲ್ಲ, ಬಡಿಗರ ಮನೆಯಲ್ಲಿ ಬೆಳೆದವನು ಎಂದು ಇವರಿಗೆ ಹೇಳಲೇಬೇಕು ಎಂದರು. ಹೇಳಿದೆ.

"ಬಡಿಗ್ಯಾನ?" ಆಯಿ ಸ್ವಲ್ಪ ಯೋಚಿಸಿದಳು. "ಇರ್ಲಿ. ಕುರಿ ಕಾಯಾಕ ಬಂದಾನಲ್ಲ."

ಆಮೇಲೆ ಸಾಳವೆಯವರು ನಿಧಾನವಾಗಿ ಮಾತಾಡಿದರು. ಕ್ರಿಸ್ತನ ಹೊರತು ಬೇರೆ ಬಾಗಿಲಿಲ್ಲ ಎಂದು ತಾವು ನಂಬಿದ್ದೇವೆ, ಇವರ ಸಮಾಧಾನಕ್ಕೆಂದು ಅದನ್ನು ಬದಲಿಸಲಾರೆವು. ಆದರೆ ಆ ಬಾಗಿಲಲ್ಲಿ ಅವನು ಯಾರ ಯಾರನ್ನು ಒಳಗೆ ಕರೆದುಕೊಂಡಿದ್ದಾನೆ ಎಂಬುದನ್ನು ತಮಗೆ ತೋರಿಸಿಲ್ಲ. ತಮ್ಮ ಊರು ಮರವಡೆಯಲ್ಲಿ ಅಜ್ಜನೂ ಬಾಪ್ತಿಸ್ಮಾ ಇಲ್ಲದೆಯೇ ಹೋದವರು. "ಮಾಹೀತ್ ನಾಹೀ," ಎಂದರು. ಗೊತ್ತಿಲ್ಲ. ಆಮೇಲೆ, "ಆಶಾ ಆಹೇ."

ಆಶಾ. ಕನ್ನಡದಲ್ಲಿ ಭರವಸೆ ಎಂದರೆ ಹೆಚ್ಚಾಗುತ್ತಿತ್ತು. ಅವರು ಮಾತು ಕೊಟ್ಟಿರಲಿಲ್ಲ.

"ಗೊತ್ತಿಲ್ಲಂತ, ಆಯಿ. ಆದರ ಆಸೆ ಐತಂತ."

ಆಯಿ ಅವರನ್ನು ಹೊಸದಾಗಿ ನೋಡುವವಳಂತೆ ನೋಡಿದಳು. "ನಮ್ಮ ಮನಿಯವ್ರು ಅಲ್ಲಿರ್ಲಿ ಅಂತ ಇವ್ರಿಗೂ ಆಸೆ ಐತೇನ?"

ಹೌದು ಎಂದೆ.

"ಹಂಗಾದ್ರ ನಾ ಒಬ್ಬಾಕಿ ಅಲ್ಲ."

ಇನ್ನು ಮುಂದೆ ಬೀರೋಬಾನಿಗೆ ನಡೆದುಕೊಳ್ಳುವುದಿಲ್ಲ, ಆದರೆ ಅವನನ್ನು ಬೈಯುವುದೂ ಇಲ್ಲ, ಇಷ್ಟು ದಿನ ಮನೆ ಕಾಯ್ದವನು ಎಂದಳು. ಬೈಯಬೇಕೆಂದು ಯಾರೂ ಕೇಳುವುದಿಲ್ಲ ಎಂದರು ಪಾಳಕರು. ಆ ರಾತ್ರಿ ಅವಳು ರೊಟ್ಟಿ ಬಿಡಲಿಲ್ಲ.

ಬಾಪ್ತಿಸ್ಮಾಕ್ಕೆ ಭಾನುವಾರ ಗೊತ್ತಾಯಿತು. ಶನಿವಾರ ಆಯಿ ತನ್ನ ಭಂಡಾರದ ಚೀಲ ತಂದು ನನ್ನ ಕೈಯಲ್ಲಿಟ್ಟಳು. ಅಕ್ಕಲಕೋಟೆಗೆ ಹೋಗಿ ಮುತ್ಯಾನ ಮೇಲೆ ಹಾಕಿ ಬರಬೇಕು ಎಂದಳು. ಮಂಡಳಿಯವರು ಯಾರಾದರೂ ಕಂಡರೆ ಏನು ಹೇಳಲಿ ಎಂಬುದೇ ನನಗೆ ಮೊದಲು ಹೊಳೆದದ್ದು. ಅದನ್ನು ಬಿಟ್ಟು, ಮುತ್ಯಾಗೆ ಏನಾದರೂ ಹೇಳಬೇಕೇ ಎಂದು ಕೇಳಿದೆ.

"ಒಬ್ಬ ಕುರುಬ ಕರೀತಾನು. ಯಾರ ಪೈಕಿ ಅಂತ ಕೇಳ್ಕೋತ ಕುಂದರಬ್ಯಾಡ, ಓ ಅನ್ನು ಅಂತ ಹೇಳು."

ಎಸ್.ಟಿ. ಬಸ್ಸು ಇಳಿದು ಹೊಲದವರೆಗೆ ನಡೆದೆ. ಜೋಳ ಕೊಯ್ದು ಕೂಳೆ ಉಳಿದಿತ್ತು. ಬೇವಿನ ಬುಡದಲ್ಲಿ ಮುತ್ಯಾನ ಸಮಾಧಿಯ ಕಲ್ಲಿನ ಮೇಲೆ ಚೀಲ ಬಿಚ್ಚಿ ಸುರಿದೆ. ಗಾಳಿಗೆ ಅರ್ಧ ನನ್ನ ಸೀರೆಯ ಮೇಲೇ ಬಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡೆ. ಆಯಿಯ ಮಾತನ್ನು ಮೊದಲು ಮೆಲ್ಲಗೆ ಹೇಳಿದೆ. ಮುತ್ಯಾಗೆ ಕೊನೆಗಾಲದಲ್ಲಿ ಕಿವಿ ಮಂದವಾಗಿತ್ತು ಎಂಬುದು ನೆನಪಾಗಿ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.