ಹೆಸರಿಟ್ಟ ಬೊಡ್ಡೆಗಳು

"ಒತ್ತೇ ಮುಂಡೆ, ಗಟ್ಟಿಯಾಗ್ ಒತ್ತು! ಹೆಬ್ಬೆಟ್ಟಲ್ಲಿ ಗೆರೇನೇ ಇಲ್ವಲ್ಲೇ ನಿಂಗೆ!"

ಊರಿನ ಮುಖ್ಯಸ್ಥ, ಕಪಿತಾನ ಎರ್ಮೆಲೊ, ಸಲುದಳ ಹೆಬ್ಬೆರಳನ್ನು ಮೂರನೇ ಸಲ ಶಾಯಿಗೆ ಅದ್ದಿ ಕಾಗದಕ್ಕೆ ತಿಕ್ಕಿದ. ಈ ಸಲವೂ ಬರೀ ಕಪ್ಪು ಮಚ್ಚೆ. ಮೂವತ್ತು ವರ್ಷ ಮೀನುಕೊಳದ ಕೆಸರಲ್ಲಿ ಕೈಯಾಡಿಸಿದವಳಿಗೆ ಬೆರಳಲ್ಲಿ ಗೆರೆ ಎಲ್ಲಿಂದ ಉಳಿದೀತು?

ಮೇಜಿನ ಮೇಲೆ ಎರಡು ಕಾಗದ. ಒಂದು, ಮಗಳು ಮೈಲಿನ್‌ಗೆ ಬೇಕಾದ ಬಡತನದ ಪತ್ರ. ಅದಕ್ಕೆ ಕಪಿತಾನ ಸಹಿ ಹಾಕಿದರೆ ಪಟ್ಟಣದ ಸರಕಾರಿ ಕಾಲೇಜಿನಲ್ಲಿ ಅವಳ ಊಟ, ವಸತಿ ಪುಕ್ಕಟೆ. ಫೀಸಂತೂ ಮೊದಲೇ ಇಲ್ಲ. ಖಾಸಗಿ ಕಾಲೇಜುಗಳ ಬಣ್ಣದ ಪುಸ್ತಕಗಳನ್ನೆಲ್ಲ ತಿರುವಿ ಬಿಸಾಕಿ, ಹುಡುಗಿ ಸರಕಾರಿ ಕಾಲೇಜಿನ ಪರಿಸರ ವಿಜ್ಞಾನವನ್ನೇ ಆರಿಸಿದ್ದಳು. ಅಲ್ಲಿ ಅರ್ಧ ಪಾಠ ಕೆಸರಲ್ಲೇ ಅಂತೆ. ಓದಿದವರನ್ನು ಅರಣ್ಯ ಇಲಾಖೆ ಕೆಲಸಕ್ಕೆ ತೆಗೆದುಕೊಳ್ಳುತ್ತದಂತೆ. ಅರ್ಜಿಗೆ ಇವತ್ತೇ ಕಡೇ ದಿನ, ಮಧ್ಯಾಹ್ನದ ಬೋಟು ತಪ್ಪಿದರೆ ಮುಗಿಯಿತು.

ಇನ್ನೊಂದು, 'ಈ ಕೊಳಗಳ ಜಾಗದಲ್ಲಿ ಯಾವ ಕಾಲಕ್ಕೂ ಕಾಂಡ್ಲಾ ಕಾಡು ಇರಲಿಲ್ಲ' ಎಂಬ ಹೇಳಿಕೆ. ಕೊಳಗಳ ಒಡೆಯ ಕಪಿತಾನನ ಭಾವ. ಕಡಲಂಚಿನ ಉಪ್ಪುನೀರಲ್ಲಿ ಬೆಳೆದಿದ್ದ ಆ ಕಾಡನ್ನು ಕಡಿದು ಕೊಳ ಮಾಡಿದ್ದಾರೆಂಬ ದೂರಿನ ಮೇಲೆ ತನಿಖೆಯವರು ಬರುವವರಿದ್ದರು. ಊರಿನ ಹಳಬಳು ಸಲುದ್ ಈ ಹೇಳಿಕೆಗೆ ಒತ್ತಿದರೆ ಆ ಪತ್ರಕ್ಕೆ ಸಹಿ.

ಹದಿನಾಲ್ಕರ ಹರೆಯದಲ್ಲಿ ಆ ಕಾಡನ್ನು ಮಚ್ಚು ಹಿಡಿದು ಕಡಿದವರಲ್ಲಿ ಸಲುದಳೂ ಒಬ್ಬಳು.

"ಒತ್ಬುಡವ್ವ," ಮೈಲಿನ್ ಪಿಸುಗುಟ್ಟಿದಳು. "ಬೋಟು ಹೊಂಟೋಯ್ತದೆ."

"ಪರಿಸರ ಓದ್ತಾಳಂತೆ!" ಕಪಿತಾನ ನಕ್ಕ. "ಏಡಿ ಹಿಡ್ಯೋ ಮುಂಡೇವು ಡಿಗ್ರಿ ತಗಂಡು ಏನ್ ಕಿತ್ತಾಕ್ತವೆ? ಏಡಿಗೆ ಪಾಠ ಹೇಳ್ತೀಯೇನೇ? ಈ ಮಚ್ಚೆ ನಡ್ಯಕಿಲ್ಲ. ಇದು ನಿಮ್ಮವ್ವಂದೇ ಹೆಬ್ಬೆಟ್ಟು ಅನ್ನಕ್ಕೆ ನೀನೇ ಸಾಕ್ಷಿ ಅಂತ ಹೆಸ್ರು ಬರಿ."

ಮೈಲಿನ್ ಪೆನ್ನು ಹಿಡಿದಳು. ಅವಳ ಚೀಲದಲ್ಲಿ ಕಾಲೇಜಿನ ಅರ್ಜಿಯಿತ್ತು. 'ನಿಮ್ಮ ಊರಿನಿಂದ ಕಣ್ಮರೆಯಾದದ್ದು ಯಾವುದು?' ಎಂಬ ಪ್ರಶ್ನೆಗೆ ಅವಳು ಬರೆದಿದ್ದಳು: 'ನಮ್ಮವ್ವ ಕಡಿದ ಕಾಂಡ್ಲಾ ಕಾಡು.' ಅದರ ಕೆಳಗೆ ಅವಳ ಹೆಸರು. ಈಗ ಇದರ ಕೆಳಗೂ ಅದೇ ಹೆಸರು ಬರಬೇಕು. ಪೆನ್ನು ಅಲ್ಲಾಡಲಿಲ್ಲ.

ಸಲುದ್ ಮಗಳ ಕೈ ನೋಡಿದಳು. ಮೊನ್ನೆ ಮಗಳು ಆ ಅರ್ಜಿಯನ್ನು ಓದಿ ಹೇಳಿದಾಗ ನಾಚಿಕೆಯಿಂದ ಸತ್ತುಹೋಗಿ, 'ಅವ್ವನ ಮಾನ ಯಾಕೆ ಹರಾಜಾಕ್ತೀಯೇ' ಎಂದು ಬೈದಿದ್ದಳು. ಕಿಟಕಿಯಾಚೆ ನೀರು ಬಸಿದ ಕೊಳದಲ್ಲಿ ಹೆಂಗಸರು ಮೀನು ಆಯುತ್ತಿದ್ದರು, ಒಂದೊಂದೇ ಹೆಜ್ಜೆ ತಡವಿಕೊಂಡು. ಕೆಸರಡಿಯಲ್ಲಿ ಉಳಿದ ಆ ಕಾಡಿನ ಹಳೇ ಬೊಡ್ಡೆಗಳು ಅಂಗಾಲು ಸೀಳುತ್ತವೆ. ಯಾರ ಕಾಲು ಸೀಳಿತೋ ಆ ಬೊಡ್ಡೆಗೆ ಅವಳದೇ ಹೆಸರು, ಮಿಕ್ಕವರು ಹುಷಾರಾಗಿರಲಿ ಎಂದು.

"ಬರಿ ಮಗಾ," ಅಂದಳು ಸಲುದ್. "ತೂಬಿನ ಪಕ್ಕದ ಬೊಡ್ಡೆ ಇನೆಸ್. ಏಳು ಹೊಲಿಗೆ."

"ಏಯ್!" ಎಂದ ಕಪಿತಾನ.

"ಅದ್ರಾಚೆಗೆ ಕೊರಸೋನ್. ಬೆರಳೇ ಹೋಯ್ತು. ನಡೂಮಧ್ಯದ್ದು ನಂದು."

ಮೈಲಿನ್ ಹೇಳಿಕೆಯ ಕಾಗದ ಮಗುಚಿ ಹಿಂಬದಿಗೆ ಬರೆಯತೊಡಗಿದಳು. ಕಪಿತಾನ ಬಡತನದ ಪತ್ರವನ್ನು ಪರಪರ ಹರಿದು ಅವರ ಮುಖಕ್ಕೆಸೆದ. ಸಲುದ್ ಕಿಟಕಿಗೆ ಬಾಯಿಟ್ಟು ಕೂಗಿದಳು: "ಪಡುವಲ ಬದಿಯೋವು ಯಾರ್‍ಯಾರ್‍ದ್ರೇ?"

"ತೆರೇಸಿತಂದು!" ಕೊಳದಿಂದ ದನಿ ಬಂತು. "ನಂದು ಎರಡವೆ ಕಣಕ್ಕ!"

"ನಾಳೆಯಿಂದ ಕೊಳಕ್ಕೆ ಕಾಲಿಟ್ಟೀಯಾ, ಬೋಸುಡಿ!" ಕಪಿತಾನ ಕಾಗದಕ್ಕೆ ಕೈ ಹಾಕುವಷ್ಟರಲ್ಲಿ ಮೈಲಿನ್ ಅದನ್ನು ರವಿಕೆಯೊಳಗೆ ತುರುಕಿ ಬಾಗಿಲು ದಾಟಿದ್ದಳು.

ಬೋಟು ಹೊರಡುವುದರಲ್ಲಿತ್ತು. ಹತ್ತಿ ನಿಂತ ಮೇಲೆ ಹುಡುಗಿಗೆ ಅಳು ಬಂತು.

"ಬಡತನದ ಪತ್ರ ಎಲ್ಲಿ ಅಂದ್ರೆ ಏನವ್ವ ತೋರ್ಸ್ಲಿ?"

"ಈ ಬೊಡ್ಡೆ ಪಟ್ಟೀನೇ ತೋರ್ಸು," ಹಿಂದೆಯೇ ಓಡಿಬಂದಿದ್ದ ಸಲುದ್ ದಡದಿಂದ ಅರಚಿದಳು. "ನಂಬ್ದೇ ಹೋದ್ರೆ ಅವ್ರನ್ನ ಇಲ್ಲಿಗೇ ಕರ್ಕಂಬಾ. ಬೂಟು ಬಿಚ್ಚಿಟ್ಟು ಕೊಳಕ್ಕೆ ಇಳೀಲಿ!"