ಅಮ್ಮನ ಇನ್ನೊಬ್ಬಳು ಗುಬ್ಬಿ

ವಿಶ್ವವಿದ್ಯಾಲಯದ ಗೇಟಿನೆದುರು ಕನ್ನಡಕದ ಅಂಗಡಿ ನಡೆಸುವವಳಿಗೆ ಅವತ್ತು ಬೆಳಗಿನಿಂದಲೂ ಮೈಯೆಲ್ಲ ಉರಿ. ತೀರಿಹೋದ ಅವಳ ಅಪ್ಪ ಅಮ್ಮನ ಹೆಸರಲ್ಲಿ, ಮಾನಸಿಕ ಆರೋಗ್ಯದ ಸಂಶೋಧನೆಗೆಂದು ಸ್ಮಾರಕ ನಿಧಿ ಶುರುವಾಗುವ ದಿನ ಅದು. ಮಗಳಾದವಳು ಹಿಗ್ಗಬೇಕು. ಆದರೆ ನಿಧಿ ಕಟ್ಟಿದ್ದು ಮಗಳಲ್ಲ. ಆ ವಿಶ್ವವಿದ್ಯಾಲಯದಲ್ಲೇ ಓದಿ, ಅಲ್ಲೇ ಕೆಲಸಕ್ಕೆ ಸೇರಿದ್ದ ಒಬ್ಬ ಸಂಶೋಧಕಿ. ಹಳೆಯ ವಿದ್ಯಾರ್ಥಿಗಳನ್ನೆಲ್ಲ ಹುಡುಕಿ, ಬೆನ್ನು ಬಿದ್ದು ಕಟ್ಟಿದ್ದಳು.

ಆಗೆಲ್ಲ ಅಪ್ಪ ಇದೇ ಅಂಗಡಿಯಲ್ಲಿ ವಿದ್ಯಾರ್ಥಿಗಳ ಕಣ್ಣು ಪರೀಕ್ಷಿಸಿದರೆ, ಅಮ್ಮ ಹಿಂದಿನ ಮನೆಯ ಹಜಾರದಲ್ಲಿ ಅವರ ಮಾತು ಕೇಳುತ್ತಿದ್ದಳು. ಓದು ತಲೆಗೆ ಹತ್ತದವರು, ನಿದ್ದೆ ಬಾರದವರು, ಕಾರಣವಿಲ್ಲದೆ ಅಳು ಬರುವವರು, ಎಲ್ಲರಿಗೂ ಆ ಬಾಗಿಲು ತೆರೆದಿರುತ್ತಿತ್ತು. ಕೈಮೀರಿದೆ ಅನ್ನಿಸಿದರೆ ಅಪ್ಪನೇ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದ. ಮಗಳು ಮಾತ್ರ ಅಡುಗೆಮನೆಯ ಮೂಲೆಯಲ್ಲಿ, ಕುಕ್ಕರಿನ ಕೂಗಿನ ನಡುವೆ ಪರೀಕ್ಷೆಗೆ ಓದಿದಳು. "ಸ್ವಲ್ಪ ತಡ್ಕೊಳೇ, ಪಾಪ, ಆ ಹುಡುಗಿ ಅಳ್ತಿದಾಳೆ" ಎಂದು ಅಮ್ಮ ಅಂದಾಗಲೆಲ್ಲ, ತಾನೂ ಒಮ್ಮೆ ಪಾಪ ಅನ್ನಿಸಿಕೊಳ್ಳಬಾರದೇ ಎಂದು ಅವಳಿಗೆ ಆಸೆಯಾಗುತ್ತಿತ್ತು.

ಕಾರ್ಯಕ್ರಮದ ಸಭಾಂಗಣದಲ್ಲಿ ಅವಳು ಚಿಕ್ಕಮ್ಮನ ಪಕ್ಕ ಕೂತಳು. ವೇದಿಕೆಯ ದೊಡ್ಡ ಫೋಟೋದಲ್ಲಿ ಅಪ್ಪ ಏನೋ ಹೇಳುತ್ತಿದ್ದಾನೆ, ಅಮ್ಮ ಬಾಯಿತುಂಬ ನಗುತ್ತಿದ್ದಾಳೆ.

"ಇದ್ಯಾವಾಗ ತೆಗೆದಿದ್ದು?"

"ನಿಧಿ ಕಟ್ಟಿದ ಆ ಹುಡುಗಿನೇ ತೆಗೆದಿರ್ಬೇಕು ಕಣೇ. ನಾವು ಕ್ಯಾಮೆರಾ ಹಿಡಿದ್ರೆ ನಿಮ್ಮಮ್ಮ ಹಲ್ಲುನೋವು ಬಂದೋರ ಥರ ಮುಖ ಮಾಡ್ತಿದ್ಲು" ಎಂದಳು ಚಿಕ್ಕಮ್ಮ.

ಸಂಶೋಧಕಿ ಮೈಕಿನ ಮುಂದೆ ಬಂದಳು. "ಎರಡನೇ ವರ್ಷ ನನಗೆ ಬದುಕೋದೇ ಬೇಡ ಅನ್ನಿಸಿತ್ತು. ಅಮ್ಮ ದಿನಾ ಸಂಜೆ ಪಕ್ಕದಲ್ಲಿ ಕೂತು ಬಟಾಣಿ ಸುಲೀತಿದ್ರು. ಉಪದೇಶ ಇಲ್ಲ, ಏನಿಲ್ಲ. ಹೊರಡುವಾಗ, 'ನಾಳೆನೂ ಬಾ ಗುಬ್ಬಿ' ಅಂತಿದ್ರು, ಅಷ್ಟೇ."

ಗುಬ್ಬಿ! ಮಗಳು ಕುರ್ಚಿಯ ತುದಿಗೆ ಸರಿದಳು. ಇವರಿಗೆಲ್ಲ ಹಜಾರ ಕೊಟ್ಟಾಯಿತು, ಸಂಜೆಗಳನ್ನು ಕೊಟ್ಟಾಯಿತು. ಎಣ್ಣೆ ಹಚ್ಚಿ ಜಡೆ ಹೆಣೆಯುವಾಗ ಅಮ್ಮ ತನ್ನನ್ನೊಬ್ಬಳನ್ನೇ ಕರೆಯುತ್ತಿದ್ದ ಹೆಸರದು. ಅದನ್ನೂ ಕೊಟ್ಟುಬಿಟ್ಟಳೇ?

ಕಾರ್ಯಕ್ರಮ ಮುಗಿದದ್ದೇ, ಕಾರಿಡಾರಿನಲ್ಲಿ ಚಹಾ ಕುಡಿಯುತ್ತಿದ್ದ ಸಂಶೋಧಕಿಯನ್ನು ತಡೆದು ನಿಲ್ಲಿಸಿದಳು.

"ಗುಬ್ಬಿ ಅನ್ನೋದು ನನ್ನ ಹೆಸರು."

ಸಂಶೋಧಕಿ ಚಹಾದ ಲೋಟ ಕೆಳಗಿಟ್ಟಳು. "ಗೊತ್ತಿರಲಿಲ್ಲ ಅಕ್ಕಾ."

"ನನ್ನ ಬಗ್ಗೆ ಅಮ್ಮ ಏನಾದ್ರೂ ಹೇಳ್ತಿದ್ಲಾ?"

ಸಮಾಧಾನಕ್ಕೊಂದು ಸುಳ್ಳು ಹೇಳಬಹುದಿತ್ತು. ಅವಳು ಹೇಳಲಿಲ್ಲ. "ಇಲ್ಲ ಅಕ್ಕಾ. ನಾನೂ ಕೇಳ್ಲಿಲ್ಲ. ಆಗ ನನಗೆ ನನ್ನ ನೋವೇ ದೊಡ್ಡದಾಗಿತ್ತು. ಬೇಜಾರು ಮಾಡ್ಕೋಬೇಡಿ, ಆದ್ರೆ ಆ ಹೆಸರು ವಾಪಸ್ ಕೊಡು ಅಂದ್ರೆ ನನ್ನ ಕೈಲಾಗಲ್ಲ."

ಮಗಳಿಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಜೊತೆಗೆ, ಇಷ್ಟು ನೇರವಾಗಿ ತನ್ನೊಡನೆ ಯಾರಾದರೂ ಮಾತಾಡಿ ಎಷ್ಟೋ ಕಾಲವಾಯಿತು ಎಂದೂ ಅನ್ನಿಸಿತು. ನಿಧಿಯ ಸಮಿತಿಗೆ ಬನ್ನಿ ಎಂದು ಹಿಂದೆ ಸಂಶೋಧಕಿ ಕರೆದಾಗ ಮಗಳು ಮೂತಿ ತಿರುಗಿಸಿದ್ದಳು. ಈಗ ಥಟ್ಟನೆ, "ಸಮಿತಿಯಲ್ಲಿ ನಾನೂ ಕೂರ್ತೀನಿ. ನಮ್ಮಮ್ಮನ ಹೆಸರಲ್ಲಿ ಎಲ್ಲಾನೂ ನೀನೊಬ್ಬಳೇ ತೀರ್ಮಾನ ಮಾಡೋದು ಬೇಡ" ಎಂದಳು.

"ಹೊಟ್ಟೆಕಿಚ್ಚಿಗೆ ಸಮಾಜಸೇವೆ ಮಾಡೋರನ್ನ ಇವತ್ತೇ ಕಂಡೆ" ಎಂದು ದಾರಿಯುದ್ದಕ್ಕೂ ಚಿಕ್ಕಮ್ಮ ನಕ್ಕಳು.

ಮೊದಲ ಸಭೆಯಲ್ಲೇ ಇಬ್ಬರಿಗೂ ಜಟಾಪಟಿ. ಪರರ ನೋವಿಗೆ ಕಿವಿಯಾಗುವವರ ಮನೆಮಕ್ಕಳ ಪಾಡೇನು ಎಂಬ ಅಧ್ಯಯನಕ್ಕೆ ನೆರವು ಸಿಗಲಿ ಎಂದು ಮಗಳ ಹಟ. ನಿದ್ದೆಗೆಟ್ಟ ವಿದ್ಯಾರ್ಥಿಗಳ ಅಧ್ಯಯನ ಮೊದಲಾಗಲಿ ಎಂದು ಸಂಶೋಧಕಿ. ಸಮಿತಿಯವರು ಕೈಯೆತ್ತಿದಾಗ ಮಗಳೇ ಸೋತಳು.

"ಮುಂದಿನ ಸಲ ನೋಡ್ಕೋತೀನಿ" ಎಂದು ಚೀಲ ಹೆಗಲಿಗೇರಿಸಿದಳು.

"ಬನ್ನಿ ಅಕ್ಕಾ, ಖಂಡಿತ ಬನ್ನಿ" ಎಂದು ಸಂಶೋಧಕಿ ನಕ್ಕಳು. ಇವಳು ನಗಲಿಲ್ಲ. ರಸ್ತೆ ದಾಟುವಾಗ, ಅಮ್ಮ ಇದ್ದಿದ್ದರೆ ಯಾರ ಪರ ಕೈಯೆತ್ತುತ್ತಿದ್ದಳು ಎಂಬ ಯೋಚನೆ ಬಂದು ಮತ್ತೆ ಉರಿಯಿತು. ಅಂಗಡಿಯ ಬಾಗಿಲು ತೆಗೆದು, ಮುಂದಿನ ಸಭೆಗೆ ಏನೇನು ವಾದ ಹೂಡಬೇಕೆಂದು ಆಗಲೇ ಲೆಕ್ಕ ಹಾಕತೊಡಗಿದಳು.